ಬಿಟ್ಟ ಚೆಂಡುಗಳ ಲೆಕ್ಕ

೧೨ ಅಕ್ಟೋಬರ್ ೨೦೨೪, ಶನಿವಾರ, ವಿಂಡಮ್ ವೇಲ್, ಮೆಲ್ಬರ್ನ್

ಇನ್ನು ಮುಂದೆ ನನ್ನ ಮಗಳ ಆಟ ನೋಡಲು ನಾನು ಬರಬಾರದಂತೆ. ಹದಿನೈದು ವರ್ಷದ ಹುಡುಗಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು: "ಅಪ್ಪಾ, ಪ್ಲೀಸ್. ಡೋಂಟ್ ಕಮ್ ಎನಿಮೋರ್." ನಾನು ಗಾಡಿ ಓಡಿಸುತ್ತಿದ್ದೆ, ಇಲ್ಲದಿದ್ದರೆ ಏನೇನು ಅಂದುಬಿಡುತ್ತಿದ್ದೆನೋ. ಪಕ್ಕದಲ್ಲಿದ್ದ ಹೆಂಡತಿ ಪಲ್ಲವಿ ನನ್ನ ತೋಳು ಚಿವುಟಿ, "ಸುಮ್ನ ಗಾಡಿ ಹೊಡೀರಿ" ಎಂದಳು.

ಮನೆಗೆ ಬಂದ ಮೇಲೆ ಈ ಡೈರಿಯನ್ನು ನನ್ನ ಕೈಗಿಟ್ಟವಳೂ ಪಲ್ಲವಿಯೇ. ಯಾವುದೋ ಸಿಮೆಂಟ್ ಕಂಪನಿಯವರು ಆಫೀಸಿಗೆ ಹಂಚಿದ್ದು, ಒಂದು ಅಕ್ಷರವೂ ಬಿದ್ದಿರಲಿಲ್ಲ. "ಬಾಯಿಗೆ ಬಂದಿದ್ದೆಲ್ಲಾ ಇದರಾಗ ಬರೀರಿ. ಅಕಿ ಮುಂದ ಮಾತ್ರ ತುಟಿ ಬಿಚ್ಚಬ್ಯಾಡ್ರಿ." ಸರಿ, ಬರೆಯುತ್ತೇನೆ. ಇಪ್ಪತ್ತು ವರ್ಷದಿಂದ ಇಂಜಿನಿಯರ್ ಆಗಿದ್ದೇನೆ, ಬರೆಯಲು ಬರುವುದಿಲ್ಲವೇ?

ಆದದ್ದಿಷ್ಟು. ಆದ್ಯಾ ಬೇಸ್‌ಬಾಲ್ ಆಡುತ್ತಾಳೆ. ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಆ ದುಃಖ ನುಂಗಿ ಮೂರು ವರ್ಷವಾಯಿತು. ಇವತ್ತು ಅವಳು ಬ್ಯಾಟ್ ಹಿಡಿದು ನಿಂತಾಗ ನಾನು ಬದಿಯ ಬೇಲಿಯ ಹಿಂದೆ ನಿಂತು ಕೂಗಿದೆ: "ಹೊಡಿಯವಾ! ಬಿಡಬ್ಯಾಡ! ಬೀಸು!" ಕನ್ನಡದಲ್ಲಿ ಯಾಕೆಂದರೆ ಎದುರು ತಂಡದವರಿಗೆ ಗುಟ್ಟು ತಿಳಿಯಬಾರದಲ್ಲ. ಇಂಥ ಉಪಾಯ ಇಲ್ಲಿನ ಅಪ್ಪಂದಿರಿಗೆ ಎಲ್ಲಿ ಹೊಳೆಯಬೇಕು! ಅವಳು ಬೀಸಿದಳು. ಮೂರು ಸಲ ಆಡಲು ಬಂದು ಮೂರು ಸಲವೂ ಗಾಳಿಗೆ ಬೀಸಿ ಔಟಾದಳು. ಒಂದು ಚೆಂಡಂತೂ ನೆಲಕ್ಕೆ ಬಡಿದು ಪುಟಿದು ಬಂದಿತ್ತು, ಅದಕ್ಕೂ ಬೀಸಿದಳು. ಅದು ನನ್ನ ತಪ್ಪೇ?

ಕಾರಣ ನನಗೆ ಗೊತ್ತು. ಗೆಳತಿಯರ ಮುಂದೆ ಅಪ್ಪ ಕನ್ನಡದಲ್ಲಿ ಕೂಗಿದರೆ ನಾಚಿಕೆ. ಇಷ್ಟೆಲ್ಲ ಮಾಡಿ ಬೆಳೆಸಿದ್ದಕ್ಕೆ ಇದು ಫಲ.

೧೩ ಅಕ್ಟೋಬರ್, ಭಾನುವಾರ

ರಾತ್ರಿ ಕಳೆದರೂ ಸಿಟ್ಟು ಇಳಿದಿಲ್ಲ. ನನ್ನ ವಾದವನ್ನಾದರೂ ಸರಿಯಾಗಿ ಬರೆದಿಡುತ್ತೇನೆ.

ಈ ಆಟದಲ್ಲಿ ಬ್ಯಾಟ್ ಹಿಡಿದವರ ಮುಂದೆ ಕಣ್ಣಿಗೆ ಕಾಣದ ಒಂದು ಚೌಕವಿದೆ. ಅಗಲ, ನೆಲದಲ್ಲಿ ಕೂರಿಸಿದ ಬಿಳಿ ರಬ್ಬರ್ ತಟ್ಟೆಯಷ್ಟು. ಎತ್ತರ, ಮೊಣಕಾಲಿನಿಂದ ಎದೆಯವರೆಗೆ. ಎಸೆದ ಚೆಂಡು ಆ ಚೌಕದೊಳಗೆ ಬಂದರೆ ಸ್ಟ್ರೈಕ್. ಬೀಸಿ ತಾಗದಿದ್ದರೂ ಸ್ಟ್ರೈಕ್. ಮೂರಾದರೆ ಔಟ್. ಚೌಕದ ಹೊರಗೆ ಹೋದದ್ದನ್ನು ಬೀಸದೆ ಬಿಟ್ಟರೆ ಅದಕ್ಕೆ ‘ಬಾಲ್’ ಅನ್ನುತ್ತಾರೆ. ಚೆಂಡಿಗೆ ಚೆಂಡು ಎಂದೇ ಹೆಸರಿಟ್ಟ ಜಾಣರು! ಅಂಥವು ನಾಲ್ಕಾದರೆ ಹೊಡೆಯದೆಯೇ ಮೊದಲ ಬೇಸಿಗೆ ಹೋಗಿ ನಿಲ್ಲಬಹುದು. ಅದಕ್ಕೆ ‘ವಾಕ್’ ಎಂದು ಹೆಸರು. ಹೀಗೆ ಮೂರು ಬೇಸ್ ಸುತ್ತಿ ಮತ್ತೆ ತಟ್ಟೆಗೆ ಬಂದರೆ ಒಂದು ರನ್.

ಆದ್ಯಾ ಹೋದ ವರ್ಷವೆಲ್ಲ ಮಾಡಿದ್ದು ಇದನ್ನೇ. ನಿಲ್ಲುವುದು, ನೋಡುವುದು, ನಡೆಯುವುದು. ನಾನು ಧಾರವಾಡದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಆಡಿ ಬೆಳೆದವನು. ಎಂಟು ಓವರಿನ ಆಟ. ಒಂದೇ ಒಂದು ಚೆಂಡು ಬಿಟ್ಟರೂ ಕಾಮೆಂಟ್ರಿಯವನು ಮೈಕಿನಲ್ಲಿ, "ಬ್ಯಾಟ್ಸ್‌ಮನ್ ಸಾಹೇಬ್ರು ಗಾಳಿ ತಿನ್ನಾಕ ಬಂದಾರೇನ್ರೀ?" ಎಂದು ಇಡೀ ಮೈದಾನದ ಮುಂದೆ ಮಾನ ತೆಗೆಯುತ್ತಿದ್ದ. ನನ್ನನ್ನು ಸಿಕ್ಸರ್ ಗೌರ್ಯಾ ಅನ್ನುತ್ತಿದ್ದರು. ಅಂಥವನ ಮಗಳು ಬ್ಯಾಟು ಕೆಳಗಿಟ್ಟು ನಡೆದು ಹೋದರೆ, ಕರೆಯದ ಮದುವೆಯಲ್ಲಿ ಊಟಕ್ಕೆ ಕೂತಂತೆ ನನಗೆ ಸಂಕೋಚವಾಗುತ್ತಿತ್ತು. ಅದಕ್ಕೇ ಆಗಸ್ಟ್‌ನಿಂದ ಪಕ್ಕದ ವೆರಿಬೀಯ ಕ್ರಿಕೆಟ್ ನೆಟ್ಸ್‌ಗೆ ಕರೆದುಕೊಂಡು ಹೋಗಿ ಬೀಸುವುದನ್ನು ಕಲಿಸಿದೆ. ಬಂದದ್ದಕ್ಕೆಲ್ಲ ಬೀಸು ಎಂದೆ. ತಿರುಗಿ ಮಾತಾಡದೆ ಕಲಿತಳು.

ಡಿಸೆಂಬರ್ ಒಂದಕ್ಕೆ ನಮ್ಮ ವಿಕ್ಟೋರಿಯಾ ರಾಜ್ಯದ ಹದಿನಾರು ವರ್ಷದೊಳಗಿನ ಹುಡುಗಿಯರ ತಂಡ ಆರಿಸುತ್ತಾರೆ. ಈಗ ಇಪ್ಪತ್ತೆರಡು ಹೆಸರುಗಳಿವೆ, ಹದಿನೈದು ಮಂದಿ ಜನವರಿಯಲ್ಲಿ ಸಿಡ್ನಿಗೆ ಹೋಗುತ್ತಾರೆ. ಆ ಹದಿನೈದರಲ್ಲಿ ಅವಳಿರಬೇಕು. ಅವಳು ಆಡುವಾಗ ನಾನು ಅಲ್ಲಿರಬೇಕು. ಎರಡೂ ಆಗಲೇಬೇಕು.

೧೯ ಅಕ್ಟೋಬರ್, ಶನಿವಾರ

ಬರಬೇಡ ಅಂದದ್ದು ಮೈದಾನಕ್ಕೆ. ಕಾರ್ ಪಾರ್ಕಿಗೆ ಬರಬೇಡ ಅಂದಿಲ್ಲವಲ್ಲ!

ಪಲ್ಲವಿ ಮತ್ತು ಆದ್ಯಾ ನನ್ನ ಕಾರಿನಲ್ಲೇ ಬಂದರು, ಇಳಿದು ಹೋದರು. ನಾನು ಸೀಟು ಹಿಂದಕ್ಕೆ ಚಾಚಿ ಮಲಗಿದವನಂತೆ ಕೂತೆ. ಗಾಜಿನಿಂದ ಕಾಣುವುದು ಎಡಗಡೆಯ ಆಟಗಾರ್ತಿಯ ಬೆನ್ನು ಮತ್ತು ಶೌಚಾಲಯದ ಗೋಡೆ. ಪಲ್ಲವಿ ಮೆಸೇಜು ಹಾಕುತ್ತಿದ್ದಳು. ಮೊದಲನೆಯದು: "ಔಟ್." ಎರಡನೆಯದು: "ಔಟ್ರಿ." ಮೂರನೆಯದು ಬರಲೇ ಇಲ್ಲ. ಕೇಳಿದರೆ ಆದ್ಯಾಳನ್ನು ಹೊರಗೆ ಕೂರಿಸಿ ಬೇರೆ ಹುಡುಗಿಯನ್ನು ಇಳಿಸಿದರಂತೆ.

ನಾನು ಕೂಗದಿದ್ದರೂ ಔಟಾಗಿದ್ದಾಳೆ. ಹಾಗಾದರೆ ನನ್ನ ಕೂಗಿನದೇನೂ ತಪ್ಪಿಲ್ಲ. ಇದನ್ನು ಪಲ್ಲವಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ.

೨೪ ಅಕ್ಟೋಬರ್, ಗುರುವಾರ

ಸಿಡ್ನಿಯಲ್ಲಿರುವ ನಮ್ಮ ಪ್ಯಾರಮಟ್ಟಾ ಆಫೀಸಿನ ವಿಜಯ ಹದಿನಾಲ್ಕು ಜನಕ್ಕೆ ಕಾಪಿ ಹಾಕಿ ಮೇಲ್ ಕಳಿಸಿದ್ದ: ಮೆಲ್ಬರ್ನ್‌ನವರ ಡ್ರಾಯಿಂಗ್ ಮತ್ತೆ ತಡ. ನಾಲ್ಕೇ ನಿಮಿಷದಲ್ಲಿ ಹದಿನಾಲ್ಕು ಜನಕ್ಕೂ ಉತ್ತರ ಹೋಯಿತು. ತಡ ಯಾರಿಂದ, ಎಷ್ಟು ದಿನ, ಹೋದ ಮೇ ತಿಂಗಳಲ್ಲಿ ಯಾರು ಏನು ಕೆಡಿಸಿದರು, ಎಲ್ಲ ಸೇರಿಸಿ. ಮಧ್ಯಾಹ್ನ ಮ್ಯಾನೇಜರ್ ಕರೆದು, "ಗೌರೀಶ್, ಇಷ್ಟು ಬೇಗ ಉತ್ತರ ಕೊಡಲೇಬೇಕಿತ್ತೇ?" ಎಂದು ಕೇಳಿದ. ಕೊಡಲೇಬೇಕಿತ್ತು. ಸುಮ್ಮನಿದ್ದರೆ ತಲೆ ಮೇಲೆ ಕೂರುತ್ತಾರೆ.

೨೬ ಅಕ್ಟೋಬರ್, ಶನಿವಾರ

ಕಾರಿನ ಗಾಜು ಬಡಿದ ಸದ್ದಿಗೆ ಬೆಚ್ಚಿಬಿದ್ದೆ. ಆದ್ಯಾಳ ಕೋಚ್ ಟ್ರಿಶ್. ಅರವತ್ತು ದಾಟಿದ ಹೆಂಗಸು, ವಾರವೆಲ್ಲ ಶಾಲೆಯ ಬಸ್ ಓಡಿಸುತ್ತಾಳೆ, ಶನಿವಾರ ಈ ಹುಡುಗಿಯರನ್ನು ಓಡಿಸುತ್ತಾಳೆ. ಅವಳ ಇಂಗ್ಲಿಷು ಇಲ್ಲಿ ನನ್ನ ಕನ್ನಡದಲ್ಲಿ.

"ನಿನ್ನ ಮಗಳ ಕಣ್ಣು ನಮ್ಮ ಕ್ಲಬ್ಬಿನಲ್ಲೇ ಒಳ್ಳೆಯ ಕಣ್ಣು. ಕೆಟ್ಟ ಚೆಂಡಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಚಳಿಗಾಲ ಕಳೆದು ಬಂದವಳು ಬರುವ ನೊಣಕ್ಕೂ ಬೀಸುತ್ತಿದ್ದಾಳೆ. ಯಾರು ಕಲಿಸಿದ್ದು?"

"ನಾನೇ" ಎಂದೆ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ.

ಬೈಯುತ್ತಾಳೆ ಅಂದುಕೊಂಡೆ, ಎದುರುತ್ತರವನ್ನೂ ಸಿದ್ಧ ಮಾಡಿಕೊಂಡೆ. ಅವಳು ಬೈಯಲಿಲ್ಲ. ಕ್ಲಬ್ಬಿನ ಸ್ಕೋರ್ ಬರೆಯುವವರು ಕ್ವೀನ್ಸ್‌ಲ್ಯಾಂಡಿಗೆ ಮನೆ ಬದಲಾಯಿಸಿದರಂತೆ, ಆ ಕೆಲಸ ಮಾಡುತ್ತೀಯಾ ಎಂದು ಕೇಳಿದಳು. ತಟ್ಟೆಯ ಹಿಂದೆ, ಬಲೆಯ ಆಚೆ, ಮೇಜು ಹಾಕಿ ಕೂರಬೇಕು. ಪ್ರತಿಯೊಂದು ಎಸೆತವನ್ನೂ ಬರೆಯಬೇಕು. "ಮೈದಾನದಲ್ಲಿ ಅದಕ್ಕಿಂತ ಒಳ್ಳೆಯ ಸೀಟಿಲ್ಲ. ಒಂದೇ ನಿಯಮ, ಸ್ಕೋರ್ ಬರೆಯುವವರು ಯಾವ ಆಟಗಾರರೊಂದಿಗೂ ಮಾತಾಡುವಂತಿಲ್ಲ."

ಸಂಜೆ ಪಲ್ಲವಿ ನಡುವೆ ನಿಂತು ಸಂಧಾನ ಮಾಡಿದಳು. ಆದ್ಯಾ ಒಪ್ಪಿದಳು. ಷರತ್ತು: ಒಂದು ಮಾತೂ ಇಲ್ಲ. ಇಂಗ್ಲಿಷಿನಲ್ಲೂ ಇಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ. ಕಾರಿನಲ್ಲಿ ಹೋಗುವಾಗ ಬರುವಾಗ ಕೂಡ ಆಟದ ಮಾತು ಎತ್ತಬಾರದು. ಅವಳೇ "ಇನ್ನು ಮಾತಾಡಬಹುದು" ಅನ್ನುವವರೆಗೆ.

ಆಗಲಿ. ನನ್ನ ಬಾಯಿಗೆ ನಾನೇ ಬೀಗ ಹಾಕುತ್ತೇನೆ. ಹಾಕಿ ತೋರಿಸುತ್ತೇನೆ.

೩೧ ಅಕ್ಟೋಬರ್, ಗುರುವಾರ, ದೀಪಾವಳಿ

ಹಬ್ಬದ ದಿನ ಬಾಯಿ ಬಿಟ್ಟು ಕೆಡಿಸಿದೆ. ಆದರೆ ಕೆಡಿಸಿದ್ದಕ್ಕೇ ಒಂದು ವಿಷಯ ತಿಳಿಯಿತು.

ಮೂವರೂ ಕೂತು ಕರ್ಚಿಕಾಯಿ ತಿನ್ನುತ್ತಿದ್ದೆವು. ಧಾರವಾಡದಿಂದ ಅವ್ವ ವಿಡಿಯೋ ಕಾಲ್ ಮಾಡಿದ್ದಳು. ಆದ್ಯಾ ಅಜ್ಜಿಯ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ "ಯೆಸ್ ಅಜ್ಜಿ, ನೋ ಅಜ್ಜಿ" ಎಂದಳು. ಫೋನ್ ಇಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. "ನಮ್ಮ ಮಾತಂದ್ರ ಅಷ್ಟು ನಾಚಿಕಿ ಏನು ನಿನಗ? ಅದಕ್ಕs ಅಲ್ಲೇನು ನನ್ನ ಗ್ರೌಂಡಿಗೆ ಬರಬ್ಯಾಡ ಅಂದಿದ್ದು?"

ಹುಡುಗಿ ತಿನ್ನುತ್ತಿದ್ದದ್ದನ್ನು ಕೆಳಗಿಟ್ಟಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಬರೆಯುವುದು ನನಗೆ ಅರ್ಥವಾದಂತೆ: "ನಾಚಿಕೆ ಅಲ್ಲ ಅಪ್ಪಾ. ಇಂಗ್ಲಿಷಿನಲ್ಲಿ ಯಾರು ಏನು ಕೂಗಿದರೂ ನಾನು ಕಿವಿ ಮುಚ್ಚಿಕೊಳ್ಳಬಲ್ಲೆ. ಟ್ರಿಶ್ ಕೂಗಿದರೂ ನನಗೆ ಕೇಳಿಸುವುದಿಲ್ಲ. ಆದರೆ ಕನ್ನಡದಲ್ಲಿ ಕೂಗುವವನು ನೀನೊಬ್ಬನೇ. ಅದನ್ನು ಮುಚ್ಚಿಕೊಳ್ಳಲು ನನಗೆ ಬರುವುದಿಲ್ಲ. ನೀನು ಹೊಡಿ ಅಂದರೆ ನನ್ನ ಕೈ ಹೊಡೆಯುತ್ತದೆ. ಈಗ ನೀನಿಲ್ಲದಿದ್ದರೂ ಕೇಳಿಸುತ್ತದೆ."

ಎದ್ದು ಕೋಣೆಗೆ ಹೋದಳು. ಪಲ್ಲವಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತುಕೊಂಡೆ. ಅಲ್ಲೇ ಅತ್ತುಬಿಟ್ಟೆ. ಇದನ್ನು ಬರೆಯಲು ಮನಸ್ಸಿರಲಿಲ್ಲ, ಆದರೆ ಇದು ನಾನೊಬ್ಬನೇ ಓದುವ ಡೈರಿ.

೨ ನವೆಂಬರ್, ಶನಿವಾರ

ಮೊದಲ ದಿನ ಮೇಜಿನ ಹಿಂದೆ. ಪಲ್ಲವಿ ಒಂದು ಡಬ್ಬಿ ಲವಂಗ ಕೊಟ್ಟಿದ್ದಳು: "ಮಾತು ಬಂದಾಗೆಲ್ಲ ಒಂದು ಬಾಯಾಗ ಇಟ್ಕೋರಿ." ಹನ್ನೊಂದು ಲವಂಗ ಖಾಲಿ. ನಾಲಿಗೆ ಈಗಲೂ ಮರಗಟ್ಟಿದೆ.

ಆದ್ಯಾ: ಔಟ್, ಔಟ್, ಔಟ್. ಹದಿನೈದು ಎಸೆತ, ಅದರಲ್ಲಿ ಹತ್ತು ಚೌಕದ ಹೊರಗೆ, ಎಂಟಕ್ಕೆ ಬೀಸಿದಳು. ಇಷ್ಟು ಹತ್ತಿರದಿಂದ ನೋಡಿದಾಗ ನನಗೇ ಕಾಣಿಸುತ್ತದೆ, ಚೆಂಡು ಎಷ್ಟು ಹೊರಗಿರುತ್ತದೆ ಎಂದು. ಕೂಗುವ ಜಾಗದಿಂದ ಇದೊಂದೂ ಕಂಡಿರಲಿಲ್ಲ.

೯ ನವೆಂಬರ್, ಶನಿವಾರ

ಎರಡು ಔಟ್, ಒಂದು ಹೊಡೆತ. ಲವಂಗ ಒಂಬತ್ತು.

೧೦ ನವೆಂಬರ್, ಭಾನುವಾರ

ಸ್ಕೋರ್ ಪುಸ್ತಕವನ್ನು ಮನೆಗೆ ತಂದಿದ್ದೆ. ಹಳೆಯ ಪುಟಗಳನ್ನು ತಿರುವಿದೆ. ಹೋದ ವರ್ಷ ಆದ್ಯಾ ನಲವತ್ನಾಲ್ಕು ಸಲ ಆಡಲು ಬಂದಿದ್ದಾಳೆ. ಹೊಡೆತ ಏಳು, ವಾಕ್ ಹದಿನಾಲ್ಕು. ಅಂದರೆ ಇಪ್ಪತ್ತೊಂದು ಸಲ ಬೇಸ್ ಸೇರಿದ್ದಾಳೆ. ತಂಡದಲ್ಲಿ ಬೇರೆ ಯಾರೂ ಹದಿನೆಂಟು ದಾಟಿಲ್ಲ. ನಮ್ಮ ಮೈದಾನದಲ್ಲಿ ಮರ ದಾಟಿಸಿ ಹೊಡೆಯುವ ಆ ಎತ್ತರದ ಹುಡುಗಿ ಕೂಡ ಹದಿನಾರೇ ಸಲ. ಮೂರು ಸಲ ಕೂಡಿಸಿ ನೋಡಿದೆ, ಲೆಕ್ಕ ತಪ್ಪಿಲ್ಲ.

ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬೇಸ್ ಸೇರುತ್ತಿದ್ದ ಹುಡುಗಿಗೆ ನಾನು ಮೂರು ತಿಂಗಳು ಕೂತು ಆಟ ಮರೆಸಿದ್ದೇನೆ. ಶಾಬಾಸ್, ಸಿಕ್ಸರ್ ಗೌರ್ಯಾ!

ಆಟದ ಮಾತು ಎತ್ತಬಾರದೆಂಬ ಷರತ್ತಿದೆ. ಕ್ಷಮೆ ಕೇಳುವುದು ಆಟದ ಮಾತೋ ಅಲ್ಲವೋ ಗೊತ್ತಾಗಲಿಲ್ಲ. ಪುಸ್ತಕ ಹಿಡಿದುಕೊಂಡೇ ಅವಳ ಕೋಣೆಯ ಬಾಗಿಲಿಗೆ ಹೋದೆ. "ಆದ್ಯವ್ವ, ನಾ ಹೇಳಿಕೊಟ್ಟಿದ್ದು ತಪ್ಪಿತ್ತು. ನಿನಗ ಮೊದಲಿಂದನೂ ಬರತಿತ್ತು. ನಾನs ಕೆಡಿಸಿದೆ."

"ಐ ನೋ," ಎಂದಳು. ಆಮೇಲೆ ಫೋನಿನಿಂದ ಕಣ್ಣೆತ್ತದೆ, ಸಂಜೆ ಮನೆಯ ಹಿಂದಿನ ಓವಲ್ ಮೈದಾನದಲ್ಲಿ ತನಗೆ ಚೆಂಡು ಎಸೆಯುತ್ತೀಯಾ ಎಂದು ಕೇಳಿದಳು. ಎರಡು ಮಾತು ಮಾತ್ರ ಆಡಬಹುದಂತೆ: ಬಾಲ್, ಸ್ಟ್ರೈಕ್. ಮೂರನೆಯದು ಬಂದರೆ ಅವಳು ಮನೆಗೆ.

ಎಂಬತ್ತು ಎಸೆದೆ. ಅವಳು ಒಂದಕ್ಕೂ ಬೀಸಲಿಲ್ಲ. ಬ್ಯಾಟು ಹೆಗಲ ಮೇಲಿಟ್ಟುಕೊಂಡು, ಚೆಂಡು ಬಲೆಗೆ ಬೀಳುವ ಮೊದಲು ಒಳಗೋ ಹೊರಗೋ ಹೇಳಬೇಕು, ಆಮೇಲೆ ನಾನು ಹೇಳಬೇಕು. ಸಿಕ್ಸರ್ ಹೊಡೆಯುವುದಕ್ಕಿಂತ ಇದು ಕಷ್ಟ. ಬೇಕೆಂದೇ ಒಂದು ಗೇಣು ಹೊರಗೆ, ಬೇಕೆಂದೇ ಎರಡು ಬೆರಳು ಕೆಳಗೆ ಎಸೆಯಬೇಕು. ನನ್ನ ಭುಜ ಸತ್ತಿದೆ, ಪಲ್ಲವಿ ಎಣ್ಣೆ ತಿಕ್ಕುತ್ತಾ ನಗುತ್ತಿದ್ದಾಳೆ.

೧೪ ನವೆಂಬರ್, ಗುರುವಾರ

ಈ ವಾರ ನಾಲ್ಕು ಸಂಜೆ, ಮುನ್ನೂರ ಅರವತ್ತು ಚೆಂಡು. ಇವತ್ತು ಒಂದು ಎಸೆತಕ್ಕೆ ಅವಳು ಬಾಲ್ ಅಂದಳು, ನಾನು ಸ್ಟ್ರೈಕ್ ಅಂದೆ. ಒಪ್ಪಲಿಲ್ಲ. ನಾನೂ ಬಿಟ್ಟುಕೊಡಲಿಲ್ಲ. ನೆಲದ ಗುರುತು ನೋಡಿದೆವು, ನಾನು ಹೇಳಿದ್ದೇ ಸರಿ. ಅದಾದ ಮೇಲಿನದು ಅವಳದು ಸರಿ, ನನ್ನದು ತಪ್ಪು. ಅದನ್ನೂ ಒಪ್ಪಿಕೊಂಡೆ. ಅವಳನ್ನು ಖುಷಿಪಡಿಸಲು ಒಂದು ಸುಳ್ಳು ಹೇಳಿದರೂ ಈ ಅಭ್ಯಾಸ ಹಾಳು. ಡಿಸೆಂಬರ್ ಒಂದಕ್ಕೆ ಹದಿನೇಳು ದಿನ ಇವೆ.

೧೬ ನವೆಂಬರ್, ಶನಿವಾರ

ನಡೆದಳು! ನಡೆದಳು!

ನಾಲ್ಕನೇ ಇನ್ನಿಂಗ್ಸ್. ಎದುರಿಗೆ ರಾಜ್ಯದ ಪಟ್ಟಿಯಲ್ಲಿರುವ ಎಡಗೈ ಹುಡುಗಿ, ಎಸೆದರೆ ಚೆಂಡು ಸುಯ್ಯೆನ್ನುತ್ತದೆ. ಪುಸ್ತಕದಲ್ಲಿದ್ದುದನ್ನು ಇಲ್ಲಿ ನಕಲು ಮಾಡುತ್ತೇನೆ. ಒಂದನೆಯದು ಸ್ಟ್ರೈಕ್, ಬಿಟ್ಟಳು. ಎರಡು ಹೊರಗೆ, ಬಿಟ್ಟಳು. ಮೂರು ಸ್ಟ್ರೈಕ್, ಬೀಸಿದಳು, ತಾಗಲಿಲ್ಲ. ಇನ್ನೊಂದಾದರೆ ಔಟ್. ನಾಲ್ಕನೆಯದು ನೆಲಕ್ಕೆ, ಹೋದ ತಿಂಗಳು ಬೀಸಿದ್ದಳಲ್ಲ ಅಂಥದ್ದೇ, ಬಿಟ್ಟಳು. ಐದು ಮತ್ತು ಆರು ಅಂಚಿಗೆ ತಾಗಿ ಗೆರೆಯ ಹೊರಗೆ ಹೋದವು. ಎರಡು ಸ್ಟ್ರೈಕ್ ಆದ ಮೇಲೆ ಹಾಗೆ ಹೋದರೆ ಲೆಕ್ಕಕ್ಕಿಲ್ಲ, ಆಟ ಮುಂದುವರಿಯುತ್ತದೆ. ಏಳು ಎತ್ತರದಲ್ಲಿ ಹೋಯಿತು. ಎಂಟು ಮತ್ತೆ ಅಂಚು. ಒಂಬತ್ತನೆಯದು ಎರಡು ಬೆರಳು ಹೊರಗೆ. ಅವಳ ಬ್ಯಾಟ್ ಅಲುಗಿತು, ಅಲ್ಲೇ ನಿಂತಿತು. ವಾಕ್.

ಪೆನ್ಸಿಲ್ ಮುರಿದಿದ್ದೆ. ಬಾಯಿ ಬಿಡಲಿಲ್ಲ.

ಆ ಎಡಗೈ ಹುಡುಗಿ ಬೆವರು ಒರೆಸಿಕೊಂಡು ತನ್ನ ಕೋಚ್ ಕಡೆ ನೋಡಿದಳು. ನಂತರ ಬಂದ ನಮ್ಮ ಹುಡುಗಿಗೆ ಎಸೆದ ಮೊದಲ ಚೆಂಡೇ ನಡುಮಧ್ಯೆ ಬಿತ್ತು, ಬಲೆಯವರೆಗೆ ಹೊಡೆದಳು, ಆದ್ಯಾ ಉಳಿದೆರಡು ಬೇಸ್ ಸುತ್ತಿ ತಟ್ಟೆಗೆ ಓಡಿ ಬಂದು ರನ್ ಮಾಡಿದಳು. ಎಲ್ಲರೂ ಹೊಡೆದವಳನ್ನು ಎತ್ತಿಕೊಂಡು ಕುಣಿದರು. ಟ್ರಿಶ್ ಮಾತ್ರ ಬಂದು ಆದ್ಯಾಳ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿದಳು. ಆಮೇಲೆ ನನ್ನ ಮೇಜಿನ ಬಳಿ ಬಂದು, "ಒಂಬತ್ತು ಎಸೆಸಿ ದಣಿಸಿದಳು ನೋಡಿದೆಯಾ? ಅದರಲ್ಲೇ ಮುಂದಿನವಳ ಹೊಡೆತ ಇತ್ತು" ಎಂದಳು. ಸ್ಕೋರ್ ಬರೆಯುವವನು ಮಾತಾಡುವಂತಿಲ್ಲ. ತಲೆ ಆಡಿಸಿದೆ.

೧ ಡಿಸೆಂಬರ್, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಮೇಲ್ ಬರುತ್ತದೆ ಅಂದಿದ್ದರು. ಹನ್ನೆರಡೂವರೆಗೆ ಬಂತು. ಎರಡೂವರೆ ಗಂಟೆಯಲ್ಲಿ ನಾನು ಗರಾಜು ಗುಡಿಸಿದೆ, ಕಾರು ತೊಳೆದೆ, ತೊಳೆದ ಕಾರನ್ನೇ ಮತ್ತೆ ತೊಳೆದೆ. ಆದ್ಯಾಳನ್ನು ಒಂದು ಸಲವೂ ಕೇಳಲಿಲ್ಲ.

ಆಯ್ಕೆಯಾಗಿದ್ದಾಳೆ! ಹದಿನೈದರಲ್ಲಿ ಅವಳ ಹೆಸರಿದೆ. ಹಿಂದೆಯೇ ಟ್ರಿಶ್ ಫೋನ್ ಮಾಡಿದಳು: ಮೊದಲ ಒಂಬತ್ತರಲ್ಲಿ ಇರಲಿಕ್ಕಿಲ್ಲ, ಬೆಂಚಿನಿಂದ ಬರಬೇಕಾಗುತ್ತದೆ, ಆದರೆ ಆರಿಸಿದವರು ಅವಳ ನವೆಂಬರ್ ತಿಂಗಳ ಸ್ಕೋರ್ ಪುಟಗಳನ್ನು ಕೇಳಿ ತರಿಸಿಕೊಂಡಿದ್ದರು. ಆ ಪುಟಗಳು ನನ್ನ ಕೈಬರಹ. ಪಲ್ಲವಿ ಶ್ಯಾವಿಗೆ ಪಾಯಸ ಮಾಡಿದಳು. ಆದ್ಯಾ ತಾಯಿಯನ್ನು ತಬ್ಬಿಕೊಂಡಳು, ನನ್ನ ಹತ್ತಿರ ಬಂದು ಕೈ ಕುಲುಕಿದಳು. ಕೈ ಕುಲುಕಿದ್ದೂ ಕಡಿಮೆಯೇನಲ್ಲ.

೧೨ ಡಿಸೆಂಬರ್, ಗುರುವಾರ

ತೊಂಬತ್ತು ಚೆಂಡು. ಒಳಗಿನ ಮೂಲೆಗೆ ಬಂದದ್ದನ್ನು ಈಗ ಚೆನ್ನಾಗಿ ಗುರುತಿಸುತ್ತಾಳೆ, ಹೊರಗಿನ ಕೆಳಮೂಲೆಯಲ್ಲಿ ಇನ್ನೂ ಅನುಮಾನ. ನಾಳೆ ಅಲ್ಲಿಗೇ ಐವತ್ತು ಎಸೆಯುವುದು. ವಿಜಯ ಮತ್ತೆ ಏನೋ ಎಲ್ಲರಿಗೂ ಮೇಲ್ ಹಾಕಿದ್ದಾನೆ, ಸೋಮವಾರ ನೋಡಿದರಾಯಿತು. ಹಾಲು ತರಬೇಕು.

೨೭ ಡಿಸೆಂಬರ್, ಶುಕ್ರವಾರ

ನಲವತ್ತು ಡಿಗ್ರಿ. ಪಲ್ಲವಿ, "ಅಪ್ಪ ಮಗಳು ಇಬ್ಬರಿಗೂ ಹುಚ್ಚು ಹಿಡದೈತಿ" ಎಂದು ಮಜ್ಜಿಗೆಯ ಬಾಟಲಿ ಕೊಟ್ಟು ಕಳಿಸಿದಳು. ಅರವತ್ತು ಎಸೆದೆ, ನೊಣ ಓಡಿಸಿದ್ದು ಬೇರೆ.

೧೫ ಜನವರಿ ೨೦೨೫, ಬುಧವಾರ, ಪ್ಯಾರಮಟ್ಟಾ

ತಂಡ ವಿಮಾನದಲ್ಲಿ ಬಂತು, ನಾವಿಬ್ಬರು ಕಾರಿನಲ್ಲಿ. ಮನೋಜನ ಹದಿನೇಳನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಇಳಿದಿದ್ದೇವೆ. ಮನೋಜ ಧಾರವಾಡದ ಗೆಳೆಯ, ಟೆನಿಸ್ ಬಾಲ್ ತಂಡದ ವಿಕೆಟ್ ಕೀಪರ್. ಬಾಗಿಲಲ್ಲೇ, "ಲೇ ಗೌರ್ಯಾ, ಮಗಳಿಗೆ ಸಿಕ್ಸರ್ ಹೊಡಿಯೋದು ಕಲಿಸಿಯೋ ಇಲ್ಲೋ?" ಎಂದ. "ಅಕಿ ನನಗ ಕಲಿಸ್ಯಾಳ" ಎಂದೆ. ಬೆನ್ನಿಗೆ ಗುದ್ದಿದ.

ಇಲ್ಲಿ ಸ್ಕೋರ್ ಬರೆಯುವವರು ಬೇರೆ. ಆದ್ಯಾ ಹೋಟೆಲಿನಿಂದ ಮೆಸೇಜು ಮಾಡಿದ್ದಾಳೆ: ತಟ್ಟೆಯ ಹಿಂದಿನ ಸಾಲಿನಲ್ಲಿ ಕೂರಬಹುದು, ಷರತ್ತು ಹಾಗೇ ಇದೆ. ನನ್ನದೇ ಒಂದು ಪುಸ್ತಕ ತಂದಿದ್ದೇನೆ.

೧೭ ಜನವರಿ, ಶುಕ್ರವಾರ

ನಿನ್ನೆ ಬೆಂಚು. ಇವತ್ತು ಕೊನೆಯ ಎರಡು ಇನ್ನಿಂಗ್ಸ್ ಆಡಲು ಬಿಟ್ಟರು. ಎರಡು ಸಲ ಬಂದಳು, ಎರಡೂ ಸಲ ನಡೆದಳು. ಹದಿನಾಲ್ಕು ಎಸೆತ, ಹೊರಗಿನ ಒಂದಕ್ಕೂ ಬೀಸಲಿಲ್ಲ. ಮನೋಜ, "ಇದೇನೋ, ಬ್ಯಾಟ್ ಅಲ್ಲಾಡಿಸದs ಹೋದ್ಲು?" ಎಂದು ಕೇಳಿದ. ಕೂರಿಸಿಕೊಂಡು ಚೌಕದ ಲೆಕ್ಕ ಹೇಳಿಕೊಟ್ಟೆ. ಅರ್ಧ ಗಂಟೆ ಹಿಡಿಯಿತು, ಪಾಪ ಕೇಳಿದ.

೧೮ ಜನವರಿ, ಶನಿವಾರ

ಇವತ್ತು ಮೊದಲ ಒಂಬತ್ತರಲ್ಲೇ ಅವಳ ಹೆಸರು. ಒಂದು ಹೊಡೆತ, ಒಂದು ವಾಕ್, ಒಂದು ಔಟ್. ಗೆದ್ದರು. ನಾಳೆ ಫೈನಲ್, ಆತಿಥೇಯ ನ್ಯೂ ಸೌತ್ ವೇಲ್ಸ್ ಮೇಲೆ. ಊಟ ಸೇರಲಿಲ್ಲ.

೧೯ ಜನವರಿ, ಭಾನುವಾರ

ಎಲ್ಲವನ್ನೂ ಆದ ಹಾಗೆಯೇ ಬರೆಯುತ್ತೇನೆ.

ಏಳನೇ ಇನ್ನಿಂಗ್ಸ್, ಅದೇ ಕೊನೆಯದು. ನಾವು ಒಂದು ರನ್ ಹಿಂದೆ. ಇಬ್ಬರು ಔಟ್. ಮೂರೂ ಬೇಸಿನಲ್ಲಿ ನಮ್ಮವರು. ಆದ್ಯಾ ಬ್ಯಾಟ್ ಹಿಡಿದು ಬಂದಳು. ವಾಕ್ ಸಿಕ್ಕರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಸ್ಕೋರ್ ಸಮ. ಹೊಡೆದರೆ ಗೆಲುವು. ಔಟಾದರೆ ಅದು ಮೂರನೆಯ ಔಟ್, ಆಟವೇ ಮುಗಿಯಿತು.

ಪಲ್ಲವಿ ಕಣ್ಣು ಮುಚ್ಚಿಕೊಂಡಿದ್ದಳು. ಮನೋಜ ನನ್ನ ಮೊಣಕೈ ಹಿಡಿದಿದ್ದ. ಮೊದಲನೆಯದು ಹೊರಗೆ. ಎರಡನೆಯದು ಸ್ಟ್ರೈಕ್. ಮೂರನೆಯದು ಎತ್ತರ. ನಾಲ್ಕನೆಯದಕ್ಕೆ ಬೀಸಿದಳು, ಅಂಚಿಗೆ ತಾಗಿ ಹಿಂದಕ್ಕೆ ಹೋಯಿತು, ಅದೂ ಸ್ಟ್ರೈಕ್. ಐದನೆಯದು ನೆಲಕ್ಕೆ, ಬಿಟ್ಟಳು. ಮೂರು ಬಾಲ್, ಎರಡು ಸ್ಟ್ರೈಕ್. ಆರು, ಅಂಚು. ಏಳು, ಅಂಚು. ಸುತ್ತ ಇದ್ದ ಅಪ್ಪಂದಿರೆಲ್ಲ ಎದ್ದು ನಿಂತು ಅರಚುತ್ತಿದ್ದರು. ಅವಳು ಗೆರೆಯಿಂದ ಆಚೆ ಬಂದು ಕೈಗವಸು ಸರಿಮಾಡಿಕೊಂಡು ನಮ್ಮ ಸಾಲಿನ ಕಡೆ ನೋಡಿದಳು. ನನ್ನನ್ನೇ ನೋಡಿದಳು. ನಾನು ಪೆನ್ಸಿಲ್ ಹಿಡಿದು ಕೂತಿದ್ದೆ. ಏನಾದರೂ ಸನ್ನೆ ಮಾಡಬಹುದಿತ್ತು, ಮಾಡಲಿಲ್ಲ. ನೋಡುವುದು ಅವಳ ಕಣ್ಣು, ನನ್ನದಲ್ಲ.

ಎಂಟನೆಯದು ಹೊರಗಿನ ಕೆಳಮೂಲೆಗೆ ಬಂತು. ಅವಳು ಬಿಟ್ಟಳು.

ಅಂಪೈರ್ ಬಲಗೈ ಎತ್ತಿದ. ಸ್ಟ್ರೈಕ್ ಮೂರು. ಆಚೆ ತಂಡದವರೆಲ್ಲ ಕುಣಿಯುತ್ತಾ ಮೈದಾನಕ್ಕೆ ನುಗ್ಗಿದರು. ಆದ್ಯಾ ನಿಂತಲ್ಲೇ ನಿಂತಿದ್ದಳು, ಬ್ಯಾಟು ಹೆಗಲ ಮೇಲೆ. "ಅಂಪೈರ್ ಕಳ್ಳ ನನ್ಮಗ!" ಎಂದ ಮನೋಜ. ಹಿಂದೆ ಕೂತ ಯಾರೋ, ಅಂಥ ಹೊತ್ತಿನಲ್ಲಿ ಬೀಸಬೇಕಿತ್ತು ಎಂದರು. ಒಂದು ಕಾಲದಲ್ಲಿ ಆ ಮಾತು ನನ್ನದಾಗಿರುತ್ತಿತ್ತು. ಅವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಪುಸ್ತಕದಲ್ಲಿ ಬರೆಯಬೇಕಾದ ಗುರುತು ಬರೆದೆ.

ಪದಕ ಕೊಟ್ಟು ಮುಗಿದ ಮೇಲೆ ಅವಳು ಬಲೆಯ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು. ತಾಯಿಯ ಕಡೆ ನೋಡಲಿಲ್ಲ, ಮನೋಜ ಅಂಕಲ್ ಹೇಳಿದ ಸಮಾಧಾನ ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಕೇಳಿದಳು: "ಅಪ್ಪಾ, ಬಾಲ್ ಆರ್ ಸ್ಟ್ರೈಕ್?"

ಆ ಕ್ಷಣ ನನಗೆ ಏನು ಬೇಕಾಗಿತ್ತು ಅಂದರೆ, ಅದು ಬಾಲ್ ಅನ್ನುವುದು. ಅಂಪೈರ್ ಮೋಸ ಮಾಡಿದ ಅನ್ನುವುದು. ಹುಡುಗಿಯ ಮುಖ ನೋಡಲು ಆಗುತ್ತಿರಲಿಲ್ಲ.

"ಸ್ಟ್ರೈಕ್," ಎಂದೆ. ಎರಡು ಬೆರಳು ಹತ್ತಿರ ಹಿಡಿದು, ಎಷ್ಟು ಒಳಗಿತ್ತು ಎಂದು ತೋರಿಸಿದೆ.

ಪಲ್ಲವಿ ನನ್ನನ್ನು ಕೊಲ್ಲುವಂತೆ ನೋಡಿದಳು. ಆದ್ಯಾ ನನ್ನ ಬೆರಳುಗಳನ್ನೇ ನೋಡಿದಳು, ಮೂಗು ಒರೆಸಿಕೊಂಡಳು, ತಲೆ ಆಡಿಸಿದಳು. "ಯಾ. ಐ ಥಾಟ್ ಸೋ," ಎಂದು ಚೀಲ ತರಲು ಹೋದಳು. ಅವಳ ಹೆಜ್ಜೆಯಲ್ಲಿ ಅಳುವಿರಲಿಲ್ಲ.

ತಂಡದವರು ನಾಳೆ ಹೊರಡುತ್ತಾರೆ, ಆದ್ಯಾ ನಮ್ಮ ಜೊತೆಗೇ ಬರುತ್ತೇನೆಂದು ಕೋಚ್‌ಗೆ ಹೇಳಿ ಬಂದಳು. ಮನೋಜ ತನ್ನ ಕಾರಿನಲ್ಲಿ ಮುಂದೆ ಹೋದ. ಆದ್ಯಾ ಹಿಂದಿನ ಸೀಟಿನಲ್ಲಿ ಕೂತಳು. ಹೆದ್ದಾರಿಗೆ ಬಂದೆವು. ಆಮೇಲೆ ಹಿಂದಿನಿಂದ ದನಿ ಬಂತು: "ಅಪ್ಪಾ, ಯು ಕ್ಯಾನ್ ಟಾಕ್ ನೌ."

ಪಲ್ಲವಿ ನನ್ನ ಕಡೆ ತಿರುಗಿದಳು. ಮೂರು ತಿಂಗಳಿನಿಂದ ತುಂಬಿಟ್ಟುಕೊಂಡದ್ದು ಎಷ್ಟಿತ್ತು! ಆ ಎಡಗೈ ಹುಡುಗಿಯ ಒಂಬತ್ತು ಎಸೆತಗಳ ಬಗ್ಗೆ ಇತ್ತು, ನಿಲ್ಲುವ ಭಂಗಿಯ ಬಗ್ಗೆ, ಹೊರಗಿನ ಕೆಳಮೂಲೆಯ ಬಗ್ಗೆ ಇತ್ತು. ಎಲ್ಲಿಂದ ಶುರು ಮಾಡಲಿ ಎಂದು ಹುಡುಕಿದೆ. ಎರಡು ಸಿಗ್ನಲ್ ದಾಟಿದೆವು. ಒಂದೂ ಹೇಳಬೇಕು ಅನ್ನಿಸಲಿಲ್ಲ.

"ಹಸಿವಾಗೈತೇನವಾ?" ಎಂದೆ.

"ಭಾಳ," ಎಂದಳು.